‘ಬೇಕು’ ಎಂದವರು ಯಾರು?

ಅಹವಾಲು, ಬಿನ್ನಹ, ಅರಿಕೆ, ಮನವಿ. ಇಲ್ಲದವರು ಇರುವವರ ಮುಂದೆ ನಿಂತು ಮಾತಾಡುವ ಸಂದರ್ಭಕ್ಕೆ ಕನ್ನಡದಲ್ಲಿ ಪದಗಳ ಬರವಿಲ್ಲ. ಇವುಗಳಲ್ಲಿ ‘ಅಹವಾಲು’ ಎಂಬುದರ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಅರಬ್ಬಿ ಮೂಲದ ಈ ಪದಕ್ಕೆ ಅಲ್ಲಿ ಸ್ಥಿತಿಗತಿ ಎಂದು ಅರ್ಥ. ಆಡಳಿತದ ಭಾಷೆಯ ಮೂಲಕ ನಮ್ಮಲ್ಲಿಗೆ ಬಂದು, ತನ್ನ ಸ್ಥಿತಿಯನ್ನು ತಾನೇ ಹೇಳಿಕೊಳ್ಳುವುದಕ್ಕೆ ಹೆಸರಾಯಿತು. ಅಹವಾಲು ಹೇಳುವವನ ಕೈ ಮುಗಿದಿರಬಹುದು, ದನಿ ತಗ್ಗಿರಬಹುದು. ಆದರೆ ಆ ವಾಕ್ಯದೊಳಗಿನ ‘ನಾನು’ ಅವನದೇ. ಅದನ್ನು ಯಾರೂ ಅವನಿಂದ ಕಿತ್ತುಕೊಂಡಿಲ್ಲ.

ಈಗ ಇದೇ ಜಾಗದಲ್ಲಿ ಇನ್ನೊಂದು ಪದ ಬಂದು ಕೂತಿದೆ: ಪಿಚ್. ಕ್ರಿಕೆಟ್ಟಿನ ಪಿಚ್ ಅಲ್ಲ. ಸಮಾಜದ ಒಂದು ಕಷ್ಟಕ್ಕೆ ಪರಿಹಾರ ಹೊಳೆದವರು, ಹಣ ಹೂಡಬಲ್ಲವರ ಎದುರು, ಐದೋ ಹತ್ತೋ ನಿಮಿಷಗಳಲ್ಲಿ, ಹತ್ತು ಹನ್ನೆರಡು ಸ್ಲೈಡುಗಳ ನೆರವಿನಿಂದ ಮಾಡುವ ನಿವೇದನೆ ಅದು. ಹೀಗೆ ನಿವೇದಿಸುವವರನ್ನು ಸಾಮಾಜಿಕ ಉದ್ಯಮಿಗಳು ಎನ್ನುತ್ತೇವೆ. ಲಾಭದ ಲೆಕ್ಕ ಗೊತ್ತಿದ್ದೂ ಲಾಭವೊಂದಕ್ಕೇ ದುಡಿಯದವರು ಎಂಬುದು ಆ ಹೆಸರಿನ ಹಿಂದಿರುವ ಆದರ್ಶ. ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳ ಕಾಲೇಜುಗಳಲ್ಲಿ ಇಂಥ ಪಿಚ್‌ಗಳ ಸ್ಪರ್ಧೆಗಳೇ ನಡೆಯುತ್ತವೆ. ನಮ್ಮ ತರುಣ ತರುಣಿಯರು ಕವಿತೆಗಿಂತ ಹೆಚ್ಚು ಸಲ ತಿದ್ದಿ ತೀಡಿ ಬರೆಯುವ ಪ್ರಕಾರ ಬಹುಶಃ ಇದೇ ಇರಬೇಕು. ಪ್ರಕಾರ ಎಂದ ಮೇಲೆ ಅದಕ್ಕೂ ವಿಮರ್ಶೆ ಬೇಕು. ಕವಿತೆ ಸೋತರೆ ಓದುಗರು ಪುಟ ತಿರುವುತ್ತಾರೆ, ಅಷ್ಟೇ. ಪಿಚ್ ಗೆದ್ದರೆ ಅದರ ವಾಕ್ಯಗಳು ಯಾರದೋ ಊರಿನಲ್ಲಿ ಕಬ್ಬಿಣ, ಸಿಮೆಂಟು, ಸಾಲದ ಪುಸ್ತಕಗಳಾಗಿ ನಿಲ್ಲುತ್ತವೆ.

ಅಹವಾಲಿಗೂ ಪಿಚ್‌ಗೂ ಇರುವ ಮೊದಲ ವ್ಯತ್ಯಾಸ ವ್ಯಾಕರಣದ್ದು. ಅಹವಾಲಿನಲ್ಲಿ ಇರುವವರು ಇಬ್ಬರು: ಹೇಳುವವರು, ಕೇಳುವವರು. ಪಿಚ್‌ನಲ್ಲಿ ಮೂವರು: ಹೇಳುವವರು, ಕೇಳುವವರು, ಯಾರ ಬಗ್ಗೆ ಹೇಳಲಾಗುತ್ತಿದೆಯೋ ಅವರು. ಈ ಮೂರನೆಯವರು ಆ ಕೋಣೆಯಲ್ಲಿ ಇರುವುದಿಲ್ಲ. ಸ್ಲೈಡಿನ ಮೇಲೆ ನಗುವ ಫೋಟೋ ಆಗಿರುತ್ತಾರೆ. ‘ನಾವು ಗ್ರಾಮೀಣ ಮಹಿಳೆಯರನ್ನು ಸಬಲಗೊಳಿಸುತ್ತೇವೆ’ ಎಂಬ ಮಾದರಿ ವಾಕ್ಯವನ್ನು ಬಿಡಿಸಿ ನೋಡಿ. ಕರ್ತೃಪದ ‘ನಾವು’. ಮಹಿಳೆಯರು ದ್ವಿತೀಯಾ ವಿಭಕ್ತಿಯಲ್ಲಿ, ಅಂದರೆ ಕರ್ಮದ ಸ್ಥಾನದಲ್ಲಿ. ಯಾರ ಬದುಕು ಬದಲಾಗಬೇಕೋ ಅವರು ಆ ವಾಕ್ಯದಲ್ಲಿ ಏನನ್ನೂ ಮಾಡುವುದಿಲ್ಲ. ಅವರ ಮೇಲೆ ಏನೋ ಆಗುತ್ತದೆ. ಶಾಲೆಯಲ್ಲಿ ಅಂಕಕ್ಕಾಗಿ ಕಲಿತ ವಿಭಕ್ತಿ ಪ್ರತ್ಯಯಗಳು ಇಷ್ಟು ದೊಡ್ಡ ವಿಷಯವನ್ನು ಹೇಳಬಲ್ಲವು ಎಂದು ನಮಗೆ ಹೊಳೆಯುವುದೇ ಇಲ್ಲ.

ಈ ಭಾಷೆಗೆ ಒಂದು ಇತಿಹಾಸವಿದೆ. ಅಮೆರಿಕದ ಬಿಲ್ ಡ್ರೇಟನ್ 1980ರಲ್ಲಿ ‘ಅಶೋಕ’ ಎಂಬ ಸಂಸ್ಥೆಯನ್ನು ಕಟ್ಟಿದರು. ಹೆಸರು ಮೌರ್ಯ ಸಾಮ್ರಾಟನದು. ಸಮಾಜ ಬದಲಾಯಿಸುವ ಕಸುವುಳ್ಳ ವ್ಯಕ್ತಿಗಳನ್ನು ಹುಡುಕಿ ಬೆಂಬಲಿಸುವುದು ಅದರ ಕೆಲಸ. ಸಾಮಾಜಿಕ ಉದ್ಯಮಿ ಎಂಬ ಮಾತು ಜಗತ್ತಿನಾದ್ಯಂತ ಹರಡಿದ್ದರಲ್ಲಿ ಈ ಸಂಸ್ಥೆಯ ಪಾತ್ರ ದೊಡ್ಡದು. ಹುಡುಕುವುದು ವ್ಯಕ್ತಿಯನ್ನು ಎಂದಾದಾಗ ಕಥೆಯೂ ವ್ಯಕ್ತಿಯದೇ ಆಗುತ್ತದೆ. ಒಬ್ಬ ನಾಯಕ, ಅವನ ಕಣ್ಣಿಗೆ ಬಿದ್ದ ಒಂದು ಸಂಕಟ, ಕೈಗೆ ಸಿಕ್ಕ ಒಂದು ವಸ್ತು, ನಾಲಗೆಯ ಮೇಲೆ ನಿಲ್ಲುವ ಒಂದು ಸಂಖ್ಯೆ. ಜನಪದ ಕಥೆಯ ರಾಜಕುಮಾರನಿಗೆ ಕುದುರೆ, ಕತ್ತಿ, ಏಳು ಸಮುದ್ರ ಇದ್ದ ಹಾಗೆ. ಈ ಹಂದರ ಸುಳ್ಳೆಂದು ನಾನು ಹೇಳುತ್ತಿಲ್ಲ. ಹಂದರ ಯಾವುದನ್ನು ಹೊರಗೆ ಬಿಡುತ್ತದೆ ಎಂದು ಕೇಳುತ್ತಿದ್ದೇನೆ. ಅದಕ್ಕೆ ನಾಲ್ಕು ಪಠ್ಯಗಳನ್ನು ಓದೋಣ.

ಮೊದಲನೆಯದು ದಕ್ಷಿಣ ಆಫ್ರಿಕಾದ ‘ಪ್ಲೇಪಂಪ್’. ಮಕ್ಕಳು ಕೂತು ಗಿರಗಿರ ತಿರುಗುವ ಆಟದ ಚಕ್ರ ಇರುತ್ತದಲ್ಲ, ಅದನ್ನು ಕೊಳವೆಬಾವಿಯ ಪಂಪಿಗೆ ಜೋಡಿಸುವುದು. ಮಕ್ಕಳು ಆಡಿದಂತೆ ನೀರು ಮೇಲಕ್ಕೆ ಬಂದು ಟ್ಯಾಂಕು ತುಂಬುತ್ತದೆ. ಟ್ಯಾಂಕಿನ ಗೋಡೆಗಳ ಮೇಲೆ ಜಾಹೀರಾತು, ಆ ಹಣದಿಂದ ದುರಸ್ತಿ. ಜಾಹೀರಾತು ಕ್ಷೇತ್ರದಲ್ಲಿದ್ದ ಟ್ರೆವರ್ ಫೀಲ್ಡ್ 1989ರಲ್ಲಿ ಕೃಷಿ ಮೇಳವೊಂದರಲ್ಲಿ ಇದರ ಮಾದರಿಯನ್ನು ನೋಡಿ, ಮುಂದೆ ಬೆಳೆಸಿದರು. 2000ದಲ್ಲಿ ವಿಶ್ವಬ್ಯಾಂಕಿನ ಪ್ರಶಸ್ತಿ ಬಂತು. 2006ರಲ್ಲಿ ಕ್ಲಿಂಟನ್ ಪ್ರತಿಷ್ಠಾನದ ಸಮಾವೇಶದಲ್ಲಿ, ಆಗ ಅಮೆರಿಕದ ಅಧ್ಯಕ್ಷರ ಪತ್ನಿಯಾಗಿದ್ದ ಲಾರಾ ಬುಷ್ ಈ ಯೋಜನೆಗೆ 1.64 ಕೋಟಿ ಡಾಲರ್ ನೆರವನ್ನು ಪ್ರಕಟಿಸಿದರು. 2010ರ ಹೊತ್ತಿಗೆ 4000 ಪಂಪುಗಳನ್ನು ನಿಲ್ಲಿಸುವುದು ಗುರಿ.

ಈ ಪಿಚ್‌ನ ಬಲವೆಲ್ಲ ಒಂದೇ ಪದದಲ್ಲಿತ್ತು: ಆಟ. ಎಂಥ ಸೊಗಸಾದ ಪದ! ನೀರಿನ ಕಷ್ಟ ಮತ್ತು ಮಗುವಿನ ನಗು ಒಂದೇ ಚಿತ್ರದಲ್ಲಿ ಕೂಡಿಬಿಡುತ್ತವೆ. ಆದರೆ ಆಟ ಎಂದರೇನು? ಮನಸ್ಸು ಬಂದಾಗ ಶುರುಮಾಡಿ, ಬೇಸರವಾದಾಗ ಬಿಟ್ಟು ಹೋಗಬಹುದಾದದ್ದು. ಬಿಟ್ಟು ಹೋದರೆ ಮನೆಯಲ್ಲಿ ನೀರಿಲ್ಲ ಎಂದಾದರೆ ಅದು ಆಟವಲ್ಲ, ದುಡಿಮೆ. ಪಂಪಿಗೆ ಬೇಕಾದದ್ದು ಸತತವಾದ ತಿರುಗು, ಆಟಕ್ಕೆ ಬೇಕಾದದ್ದು ನಿಲ್ಲಿಸುವ ಸ್ವಾತಂತ್ರ್ಯ. ಯೋಜನೆಯ ದೋಷ ಯಂತ್ರದಲ್ಲಿ ಕಾಣಿಸಿಕೊಳ್ಳುವ ಮೊದಲೇ ಆ ಪದದಲ್ಲಿತ್ತು. 2009ರಲ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಬಂದ ಲೇಖನವೊಂದು ಲೆಕ್ಕ ಹಾಕಿತು: ಘೋಷಿಸಿದ ಗುರಿ ಮುಟ್ಟಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು.

2005ರಲ್ಲಿ ಈ ಪಂಪನ್ನು ಮೆಚ್ಚಿ ಕಾರ್ಯಕ್ರಮ ಮಾಡಿದ್ದ ಅಮೆರಿಕದ ಪಿಬಿಎಸ್ ವಾಹಿನಿಯ ವರದಿಗಾರ್ತಿಯೇ 2010ರಲ್ಲಿ ಮತ್ತೆ ಹೋಗಿ ನೋಡಿದರು. ಮೊಜಾಂಬಿಕ್‌ನ ಹಳ್ಳಿಗಳಲ್ಲಿ ಮಕ್ಕಳಿಲ್ಲದ ಹೊತ್ತಿನಲ್ಲಿ ಹೆಂಗಸರು ಆ ಚಕ್ರವನ್ನು ಕೈಯಿಂದ ತಳ್ಳಿ ತಿರುಗಿಸುತ್ತಿದ್ದರು. ಕೆಟ್ಟ ಪಂಪುಗಳು ತಿಂಗಳುಗಟ್ಟಲೆ ದುರಸ್ತಿಯಿಲ್ಲದೆ ನಿಂತಿದ್ದವು. ಅವು ಬರುವ ಮೊದಲು ಅಲ್ಲಿ ಕೈಪಂಪುಗಳಿದ್ದವು, ಅವನ್ನು ಕಿತ್ತು ಇವನ್ನು ಹಾಕಲಾಗಿತ್ತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ನಮ್ಮಲ್ಲಿದೆ. ಈ ಪಿಚ್ ಊರಿಗೇನೋ ಬಂತು, ನೀರಿಗೆ ಬರಲಿಲ್ಲ. ಬಂದಿದ್ದರೆ ಕೊಡ ಹಿಡಿದು ನಿಂತವರು ಮಕ್ಕಳಲ್ಲ, ಹೆಂಗಸರು ಎಂಬುದು ಕಾಣುತ್ತಿತ್ತು. ಪಿಚ್‌ನ ಚಿತ್ರದಲ್ಲಿ ಅವರಿಗೆ ಪಾತ್ರವೇ ಇರಲಿಲ್ಲ.

ನಮ್ಮ ಬೀಸುವ ಪದಗಳನ್ನು, ಕುಟ್ಟುವ ಪದಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹಾಡು ಬೀಸುವವಳ ದಣಿವನ್ನು ಹಗುರ ಮಾಡುತ್ತದೆ. ಅದರಲ್ಲಿ ತವರು ಬರುತ್ತದೆ, ಅಣ್ಣ ತಮ್ಮಂದಿರು ಬರುತ್ತಾರೆ, ದೇವರೂ ಬರುತ್ತಾನೆ. ಹಾಗೆಂದು ಬೀಸುವುದನ್ನು ಆಟ ಎಂದು ಯಾರೂ ಕರೆದಿಲ್ಲ. ಕಲ್ಲಿನ ಭಾರ ರಟ್ಟೆಯ ಮೇಲಿರುವವಳೇ ಹಾಡು ಕಟ್ಟಿದ್ದರಿಂದ ಆ ತಪ್ಪು ಆಗಲಿಲ್ಲ. ದುಡಿಯುವವರ ಭಾಷೆಗೂ ದುಡಿಮೆಯನ್ನು ನೋಡುವವರ ಭಾಷೆಗೂ ಇರುವ ದೂರ ಇಷ್ಟೇ, ಆದರೆ ಇದು ಸಣ್ಣ ದೂರವಲ್ಲ.

ಎರಡನೆಯ ಪಠ್ಯ ಹೆಚ್ಚು ಪ್ರಸಿದ್ಧವಾದದ್ದು, ಹೆಚ್ಚು ಜಟಿಲವಾದದ್ದೂ ಹೌದು. 1976ರಲ್ಲಿ ಬಾಂಗ್ಲಾದೇಶದ ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಮುಹಮ್ಮದ್ ಯೂನುಸ್, ಪಕ್ಕದ ಜೋಬ್ರಾ ಗ್ರಾಮದ 42 ಜನರಿಗೆ ಒಟ್ಟು 856 ಟಾಕಾ, ಅಂದರೆ ಸುಮಾರು 27 ಡಾಲರ್ ಸಾಲ ಕೊಟ್ಟರು. ಅಲ್ಲಿಂದ ಬೆಳೆದದ್ದು ಗ್ರಾಮೀಣ ಬ್ಯಾಂಕ್. 1983ರಲ್ಲಿ ಅದಕ್ಕೆ ಬ್ಯಾಂಕಿನ ಅಧಿಕೃತ ರೂಪ ಸಿಕ್ಕಿತು, 2006ರಲ್ಲಿ ಯೂನುಸ್ ಮತ್ತು ಬ್ಯಾಂಕ್ ಇಬ್ಬರಿಗೂ ನೊಬೆಲ್ ಶಾಂತಿ ಪುರಸ್ಕಾರ ಬಂತು.

ಈ ಕಥೆಯ ಸಾಹಿತ್ಯಿಕ ಶಕ್ತಿ ಸಂಖ್ಯೆಯಲ್ಲಿದೆ. ಪಿಚ್‌ಗಳಲ್ಲಿ ಸಾಮಾನ್ಯವಾಗಿ ಬರುವುದು ಬೆದರಿಸುವ ಸಂಖ್ಯೆಗಳು: ಇಷ್ಟು ಕೋಟಿ ಜನ, ಇಷ್ಟು ಲಕ್ಷ ಸಾವು. ಯೂನುಸ್ ಅದಕ್ಕೆ ವಿರುದ್ಧವಾದುದನ್ನು ಮಾಡಿದರು. ನಾಚಿಕೆ ಹುಟ್ಟಿಸುವಷ್ಟು ಸಣ್ಣ ಸಂಖ್ಯೆಯನ್ನು ಕೇಳುಗರ ಕೈಗಿಟ್ಟರು. 42 ಮನೆಗಳ ಜೀತ ಬಿಡಿಸಲು 27 ಡಾಲರ್ ಸಾಕಾಯಿತೇ ಎಂದು ಕೇಳಿದವರು ತಮ್ಮ ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ಅವರ ಕಥನದಲ್ಲಿ ಬಿದಿರಿನ ಮೋಡಾ ಹೆಣೆಯುವ ಸೂಫಿಯಾ ಬೇಗಂಗೆ ಹೆಸರಿದೆ, ಕಸುಬಿದೆ, ದಿನದ ಕೊನೆಗೆ ಉಳಿಯುವ ಐವತ್ತು ಪೈಸೆಯ ಲೆಕ್ಕವಿದೆ. ಮೂರನೆಯವರನ್ನು ಬರೀ ಫೋಟೋ ಆಗಲು ಬಿಡದ ಪಠ್ಯ ಇದು.

ಆದರೂ ಇದರೊಳಗೆ ಒಂದು ಬಿರುಕಿದೆ. ಅದು ಕಾಲದ್ದು, ವ್ಯಾಕರಣದ ಕಾಲದ್ದು. ಸಾಲದ ಬಗ್ಗೆ ಸರ್ವಜ್ಞನ ತ್ರಿಪದಿ ಕನ್ನಡಿಗರಿಗೆಲ್ಲ ಗೊತ್ತು. ಆ ತ್ರಿಪದಿ ಸಾಲಕ್ಕೆ ಎರಡು ಹೊತ್ತುಗಳನ್ನು ಕೊಡುತ್ತದೆ: ಪಡೆಯುವ ಹೊತ್ತು, ಕೊಟ್ಟವನು ಬಂದು ಕೇಳುವ ಹೊತ್ತು. ಕಿರುಸಾಲದ ಪಿಚ್‌ನಲ್ಲಿ ಸಾಲಕ್ಕೆ ಒಂದೇ ಹೊತ್ತು, ಪಡೆಯುವುದು. ಎರಡನೆಯ ಹೊತ್ತು ‘ಮರುಪಾವತಿ ಪ್ರಮಾಣ’ ಎಂಬ ಹೆಮ್ಮೆಯ ಶೇಕಡಾವಾರು ಆಗಿ ಸ್ಲೈಡಿನ ಮೂಲೆಯಲ್ಲಿ ಕೂತಿರುತ್ತದೆ. ಆ ಶೇಕಡಾವಾರಿನ ಹಿಂದೆ ಬಾಗಿಲಿಗೆ ಬಂದು ನಿಲ್ಲುವ ವಸೂಲಿಯವರು, ಕಂತು ತಪ್ಪಿದವಳನ್ನು ಗುಂಪಿನ ಮಿಕ್ಕವರು ನೋಡುವ ನೋಟ, ಒಂದು ಸಾಲ ತೀರಿಸಲು ಮಾಡಿದ ಇನ್ನೊಂದು ಸಾಲ ಇರಬಹುದು. ಸಂಖ್ಯೆಗೆ ಅದನ್ನು ಹೇಳುವ ಬಾಯಿಲ್ಲ.

ಭಾಷೆ ಬಿಟ್ಟ ಈ ಎರಡನೆಯ ಹೊತ್ತು ಆಮೇಲೆ ಕಾನೂನಿನ ಭಾಷೆಯಲ್ಲಿ ಬರಬೇಕಾಯಿತು. 2010ರಲ್ಲಿ ಹೈದರಾಬಾದಿನ ಎಸ್‌ಕೆಎಸ್ ಮೈಕ್ರೋಫೈನಾನ್ಸ್ ಷೇರು ಮಾರುಕಟ್ಟೆಗೆ ಇಳಿಯಿತು. ಬಡವರ ಸಾಲದಿಂದ ಹೂಡಿಕೆದಾರರು ಹೀಗೆ ಲಾಭ ಮಾಡುವುದನ್ನು ಯೂನುಸ್ ಅವರೇ ಬಹಿರಂಗವಾಗಿ ಟೀಕಿಸಿದರು ಎಂಬುದನ್ನು ಮರೆಯಬಾರದು. ಅದೇ ವರ್ಷದ ಅಕ್ಟೋಬರಿನಲ್ಲಿ, ಸಾಲಗಾರರ ಆತ್ಮಹತ್ಯೆಗಳ ವರದಿಗಳ ಹಿನ್ನೆಲೆಯಲ್ಲಿ, ಆಂಧ್ರಪ್ರದೇಶ ಸರ್ಕಾರ ಕಿರುಸಾಲ ಸಂಸ್ಥೆಗಳ ಮೇಲೆ ಸುಗ್ರೀವಾಜ್ಞೆ ಹೊರಡಿಸಿತು. 2025ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿಯೂ ವಸೂಲಿಯ ಬಲವಂತವನ್ನು ತಡೆಯಲು ಸುಗ್ರೀವಾಜ್ಞೆ ಬಂತು. ಜೋಬ್ರಾದ 27 ಡಾಲರಿಗೂ ನಮ್ಮ ಜಿಲ್ಲೆಗಳ ವಸೂಲಿಗಾರರಿಗೂ ನೇರ ಗಂಟು ಹಾಕುವುದು ಅನ್ಯಾಯವಾಗುತ್ತದೆ. ನಡುವೆ ಎಷ್ಟೋ ಕೈಗಳು, ಎಷ್ಟೋ ಉದ್ದೇಶಗಳು ಇವೆ. ನನ್ನ ಮಾತು ಇಷ್ಟೇ: ಕಥೆ ಕೈಯಿಂದ ಕೈಗೆ ದಾಟುವಾಗ ಸುಲಭವಾಗಿ ದಾಟಿದ್ದು ಮೊದಲ ಹೊತ್ತು. ಎರಡನೆಯ ಹೊತ್ತು ಮೂಲ ಪಠ್ಯದಲ್ಲೇ ತೆಳುವಾಗಿದ್ದರಿಂದ ಅದನ್ನು ಬಿಟ್ಟುಬಿಡುವುದು ಯಾರಿಗೂ ಕಷ್ಟವಾಗಲಿಲ್ಲ.

ಇಲ್ಲಿ ಸ್ವಲ್ಪ ನಿಂತು, ಪಿಚ್‌ಗಳು ಕನ್ನಡಕ್ಕೆ ಬಂದಾಗ ಬಳಸುವ ಪದಗಳನ್ನು ನೋಡಬೇಕು. ಸರ್ಕಾರಿ ಕಡತಗಳಿಂದ ಎರವಲು ಪಡೆದ ‘ಫಲಾನುಭವಿ’ ಇವುಗಳಲ್ಲಿ ಮುಖ್ಯವಾದದ್ದು. ಫಲವನ್ನು ಅನುಭವಿಸುವವರು, ಅಂದರೆ ಗಿಡ ನೆಟ್ಟವರು ಬೇರೆ, ನೀರೆರೆದವರು ಬೇರೆ. ದಿನಕ್ಕೆ ಹನ್ನೆರಡು ಗಂಟೆ ದುಡಿಯುವ ಹೆಂಗಸಿಗೆ ಈ ಪದ ಮರದ ಕೆಳಗೆ ಹಣ್ಣಿಗಾಗಿ ಕಾದು ಕೂತವಳ ಚಿತ್ರವನ್ನು ಅಂಟಿಸುತ್ತದೆ. ‘ಸಬಲೀಕರಣ’ದ ಕಥೆಯೂ ಇಷ್ಟೇ. ಆ ಪದ ನಿಲ್ಲಬೇಕಾದರೆ ಮೊದಲು ಎದುರಿನವರನ್ನು ಅಬಲರೆಂದು ಒಪ್ಪಬೇಕು. ‘ಕೊನೆಯ ಮೈಲಿ’ ಎಂಬ ಮಾತಂತೂ ಎಲ್ಲ ಕಡೆ ಇದೆ. ಯಾರಿಗೆ ಕೊನೆ? ಅಲ್ಲಿ ಮನೆ ಮಾಡಿಕೊಂಡವರಿಗೆ ಅದೇ ಮೊದಲ ಮೈಲಿ. ಅವರ ಲೆಕ್ಕದಲ್ಲಿ ಬೆಂಗಳೂರು ಕೊನೆಯ ಮೈಲಿ. ಇವುಗಳಲ್ಲಿ ಯಾವುದೂ ಕೆಟ್ಟ ಉದ್ದೇಶದ ಪದವಲ್ಲ. ಎಲ್ಲವೂ ಒಂದೇ ಜಾಗದಲ್ಲಿ ನಿಂತು ನೋಡಿದಾಗ ಹುಟ್ಟಿದ ಪದಗಳು, ಅಷ್ಟೇ.

ಹಾಗಾದರೆ ಬೇರೆ ಜಾಗದಲ್ಲಿ ನಿಂತು ಮಾತಾಡುವುದು ಸಾಧ್ಯವೇ? ಸಾಧ್ಯ ಎನ್ನುವುದಕ್ಕೆ ನನ್ನ ಮೂರನೆಯ ಪಠ್ಯ, ಮದುರೆಯ ಅರವಿಂದ ಕಣ್ಣಾಸ್ಪತ್ರೆ. ಡಾ. ಜಿ. ವೆಂಕಟಸ್ವಾಮಿಯವರು ಸರ್ಕಾರಿ ಸೇವೆಯಿಂದ ನಿವೃತ್ತರಾಗಿ, 1976ರಲ್ಲಿ, ತಮ್ಮ 58ನೆಯ ವಯಸ್ಸಿನಲ್ಲಿ, 11 ಹಾಸಿಗೆಗಳಿಂದ ಇದನ್ನು ಆರಂಭಿಸಿದರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಕೊಡಬಲ್ಲವರಿಂದ ಹಣ ಪಡೆದು, ಕೊಡಲಾಗದವರಿಗೆ ಉಚಿತವಾಗಿ ಅಥವಾ ತೀರ ಕಡಿಮೆ ದರದಲ್ಲಿ ಮಾಡುವ ಈ ವ್ಯವಸ್ಥೆ ಇಂದು ಜಗತ್ತಿನ ದೊಡ್ಡ ಕಣ್ಣಾಸ್ಪತ್ರೆಗಳ ಜಾಲಗಳಲ್ಲಿ ಒಂದು. ತಮ್ಮ ಆಲೋಚನೆಯನ್ನು ವಿವರಿಸುವಾಗ ವೆಂಕಟಸ್ವಾಮಿಯವರು ಕೊಡುತ್ತಿದ್ದ ಹೋಲಿಕೆ ಮೆಕ್‌ಡೊನಾಲ್ಡ್ಸ್‌ದು. ಊರೂರಿನಲ್ಲಿ ಒಂದೇ ಗುಣಮಟ್ಟದ ಬರ್ಗರ್ ಮಾರಲು ಸಾಧ್ಯವಾದರೆ ಕಣ್ಣಿನ ಚಿಕಿತ್ಸೆಯನ್ನೂ ಹಾಗೆ ತಲುಪಿಸಲು ಏಕೆ ಆಗದು ಎಂಬುದು ಅವರ ಪ್ರಶ್ನೆ.

ಅರವಿಂದರ ಶಿಷ್ಯರೊಬ್ಬರ ಬಾಯಲ್ಲಿ ಬರ್ಗರ್! ಮೇಲುನೋಟಕ್ಕೆ ಇದು ಕಿವಿಗೆ ಒರಟಾಗಿ ಕೇಳಿಸುತ್ತದೆ. ಆದರೆ ಅಲಂಕಾರಶಾಸ್ತ್ರದ ಕಣ್ಣಿನಿಂದ ನೋಡಿ, ಇಲ್ಲಿ ಉಪಮೇಯ ಯಾವುದು? ರೋಗಿಯಲ್ಲ, ಬಡತನವಲ್ಲ, ಕುರುಡಲ್ಲ. ಉಪಮೇಯ ಆಸ್ಪತ್ರೆ. ಹೋಲಿಕೆಯ ಭಾರವೆಲ್ಲ ವೈದ್ಯರ ಮೇಲೆ ಬೀಳುತ್ತದೆ. ನಾವು ಕೆಲಸ ಮಾಡುವ ರೀತಿ ಬದಲಾಗಬೇಕು ಎನ್ನುತ್ತದೆ ಅದು. ಅಲ್ಲಿ ಬದಲಾದದ್ದೂ ಅದೇ. ಒಬ್ಬ ಶಸ್ತ್ರಚಿಕಿತ್ಸಕನಿಗೆ ಎರಡು ಮೇಜುಗಳು, ಒಂದರ ಮೇಲೆ ಶಸ್ತ್ರಚಿಕಿತ್ಸೆ ನಡೆಯುವಾಗ ಇನ್ನೊಂದರ ಮೇಲೆ ಮುಂದಿನ ರೋಗಿಯ ಸಿದ್ಧತೆ. ಹಳ್ಳಿಯ ಹುಡುಗಿಯರನ್ನು ಆರಿಸಿ, ತರಬೇತಿ ಕೊಟ್ಟು, ವೈದ್ಯರು ಮಾಡಲೇಬೇಕಾದದ್ದನ್ನು ಬಿಟ್ಟು ಮಿಕ್ಕ ಬಹುಪಾಲು ಕೆಲಸವನ್ನು ಅವರಿಗೆ ಒಪ್ಪಿಸುವುದು. ಕಣ್ಣಿನೊಳಗೆ ಇಡುವ ಮಸೂರ ದುಬಾರಿ ಎಂದಾದಾಗ 1992ರಲ್ಲಿ ಅದನ್ನು ತಯಾರಿಸುವ ‘ಅರೋಲ್ಯಾಬ್’ ಅನ್ನೇ ಕಟ್ಟಿದರು. ಪ್ಲೇಪಂಪಿನ ಪದ ಮಕ್ಕಳಿಂದ ಏನನ್ನೋ ಕೇಳುತ್ತಿತ್ತು. ಈ ಹೋಲಿಕೆ ಹೇಳುವವರಿಂದಲೇ ಕೇಳುತ್ತದೆ. ಕರ್ತೃವೂ ನಾವು, ಬದಲಾಗಬೇಕಾದ ಕರ್ಮವೂ ನಾವು. ರೂಪಕ ಚೆಂದವಿದೆಯೋ ಇಲ್ಲವೋ ಎಂಬುದಕ್ಕಿಂತ ಅದರ ಹೊರೆ ಯಾರ ತಲೆಯ ಮೇಲಿದೆ ಎಂಬುದು ದೊಡ್ಡ ಪ್ರಶ್ನೆ.

ನಾಲ್ಕನೆಯದು ನಮ್ಮದೇ ಬೆಂಗಳೂರಿನದು. 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿ, ಬಡ ಮನೆಗಳಿಗೆ ಸೌರ ದೀಪವನ್ನು ಮುಟ್ಟಿಸಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ತಮ್ಮ ಭಾಷಣಗಳಲ್ಲಿ ಒಬ್ಬ ಬೀದಿ ವ್ಯಾಪಾರಿಯ ಮಾತನ್ನು ನೆನೆಯುತ್ತಾರೆ. ತಿಂಗಳಿಗೆ 300 ರೂಪಾಯಿ ದುಬಾರಿ, ದಿನಕ್ಕೆ 10 ರೂಪಾಯಿ ಆದರೆ ಕೊಡಬಹುದು ಎಂಬರ್ಥದ ಮಾತು ಅದು.

ಈ ಒಂದು ವಾಕ್ಯ ಇಡೀ ಪಾಠಕ್ಕೆ ಸಾಲುವಷ್ಟಿದೆ. ಗಣಿತದಲ್ಲಿ ಎರಡೂ ಒಂದೇ, ಮೂವತ್ತು ಹತ್ತಲೆ ಮುನ್ನೂರು. ಬದುಕಿನಲ್ಲಿ ಒಂದೇ ಅಲ್ಲ. ಸಂಬಳದವರಿಗೆ ತಿಂಗಳು ಎಂಬುದಿದೆ. ಗಾಡಿಯವರಿಗೆ ತಿಂಗಳು ಇಲ್ಲ, ಇರುವುದು ಇವತ್ತು. ಬೆಳಿಗ್ಗೆ ತಂದ ಸೊಪ್ಪು ಸಂಜೆಗೆ ಕಾಸಾಗುತ್ತದೆ, ರಾತ್ರಿಗೆ ಅಕ್ಕಿಯಾಗುತ್ತದೆ. 300 ರೂಪಾಯಿ ಒಟ್ಟಿಗೆ ಕೈಯಲ್ಲಿರುವ ದಿನ ಅವರ ಪಂಚಾಂಗದಲ್ಲೇ ಇಲ್ಲ. ಆ ವ್ಯಾಪಾರಿ ಹೇಳಿದ್ದು ತನ್ನ ಬಡತನವನ್ನಲ್ಲ, ತನ್ನ ಕಾಲಗಣನೆಯನ್ನು. ಬ್ಯಾಂಕಿನ ಕಂತು ತನ್ನ ದಿನಕ್ಕೆ ಹೊಂದಬೇಕೇ ಹೊರತು ತನ್ನ ದಿನ ಬ್ಯಾಂಕಿನ ತಿಂಗಳಿಗಲ್ಲ ಎಂದು ಸೂಚಿಸಿದ್ದು. ಇದು ಬೇಡಿಕೆಯಲ್ಲ, ವಿನ್ಯಾಸದ ತಿದ್ದುಪಡಿ. ವಾಕ್ಯದ ಕರ್ತೃ ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಕರಾವಳಿಯ ಓದುಗರಿಗೆ ಇಲ್ಲಿ ಪಿಗ್ಮಿ ನೆನಪಾಗಿರಬಹುದು. ಕೈಮಗ್ಗದ ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು. ಅದರ ಸ್ಥಾಪಕರಲ್ಲೊಬ್ಬರಾದ ಡಾ. ಟಿ.ಎಂ.ಎ. ಪೈ ಅವರ ಕಾಲದಲ್ಲಿ, 1928ರಲ್ಲಿ, ಪಿಗ್ಮಿ ಠೇವಣಿ ಶುರುವಾಯಿತು. ಏಜೆಂಟರು ದಿನವೂ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಳ್ಳುತ್ತಿದ್ದರು. ದಿನಗೂಲಿಯವರ ಕಾಲಗಣನೆಯನ್ನು ಬ್ಯಾಂಕು ಒಪ್ಪಿಕೊಂಡ ಸಂದರ್ಭ ಅದು. ಸಾಮಾಜಿಕ ಉದ್ಯಮಿ ಎಂಬ ಪದ ನಮ್ಮಲ್ಲಿಗೆ ಬರುವ ಎಷ್ಟೋ ದಶಕ ಮೊದಲೇ ‘ಪಿಗ್ಮಿ ಕಟ್ಟುವುದು’ ಕನ್ನಡದ ಮನೆಮಾತಾಗಿತ್ತು. ಬೇರೆ ಭಾಷೆಯಿಂದ ಬಂದ ಪದವೇ ಆದರೂ ಅದಕ್ಕೆ ಕ್ರಿಯಾಪದ ಸೇರಿಸಿದವರು ನಾವು. ಅಲ್ಲಿ ಕಟ್ಟುವವರು ಠೇವಣಿದಾರರು, ಅವರು ಯಾರ ಫಲಾನುಭವಿಗಳೂ ಅಲ್ಲ. ಒಂದು ಯೋಜನೆ ಜನರಿಗೆ ಸೇರಿತೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಸರಳವಾದ ದಾರಿ ನನಗೆ ಕಾಣದು: ಜನ ಅದರ ಹೆಸರಿಗೆ ಯಾವ ಕ್ರಿಯಾಪದ ಹಚ್ಚಿದ್ದಾರೆ, ಆ ಕ್ರಿಯೆಯನ್ನು ಮಾಡುವವರು ಯಾರು?

ಹಂದೆಯವರ ಕಥೆಗೂ ಒಂದು ಪ್ರಶ್ನೆ ಕೇಳಬಹುದು. ಆ ವ್ಯಾಪಾರಿಗೆ ಹೆಸರಿಲ್ಲ. ಅವರ ಮಾತು ಈಗ ಸಮಾವೇಶದಿಂದ ಸಮಾವೇಶಕ್ಕೆ ತಿರುಗುವ ಸುಭಾಷಿತವಾಗಿದೆ. ಅದೂ ಕೊನೆಗೆ ಪಿಚ್‌ನ ಒಡವೆಯಾಗಿಬಿಡಲಿಲ್ಲವೇ? ಈ ಸಂಶಯ ಸರಿಯಾದದ್ದೇ. ಒಡವೆಯನ್ನೂ ಅಸ್ಥಿಯನ್ನೂ ಬೇರ್ಪಡಿಸಲು ಒಂದು ಪರೀಕ್ಷೆ ಇದೆ. ಆ ವಾಕ್ಯವನ್ನು ಕಥೆಯಿಂದ ತೆಗೆದುಹಾಕಿ. ತೆಗೆದ ಮೇಲೂ ಯೋಜನೆ ಹಾಗೆಯೇ ನಿಂತರೆ ಅದು ಒಡವೆ. ಮಗುವಿನ ನಗುವನ್ನು ತೆಗೆದರೂ ಪ್ಲೇಪಂಪಿನ ಯಂತ್ರದ ಒಂದು ಬೋಲ್ಟೂ ಬದಲಾಗುವುದಿಲ್ಲ. ವ್ಯಾಪಾರಿಯ ಮಾತನ್ನು ತೆಗೆದರೆ ತಿಂಗಳ ಕಂತು ತಿಂಗಳ ಕಂತಾಗಿಯೇ ಉಳಿಯುತ್ತದೆ. ಒಂದು ವಾಕ್ಯ ಬಂದದ್ದರಿಂದ ಏನೋ ಬದಲಾಗಿದ್ದರೆ ಅದನ್ನು ಆಡಿದವರು ಕೋಣೆಯಲ್ಲಿ ಇಲ್ಲದಿದ್ದರೂ ಇದ್ದಂತೆ.

ಇದಕ್ಕೆ ಉದ್ಯಮಿಗಳು ಕೊಡುವ ಉತ್ತರ ನನಗೆ ಗೊತ್ತು, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತೆಯೂ ಇಲ್ಲ. ಕೊಟ್ಟದ್ದೇ ಐದು ನಿಮಿಷ. ಎದುರಿಗೆ ಕೂತವರು ಬೆಳಗಿನಿಂದ ಇಂಥ ಇಪ್ಪತ್ತು ಕೇಳಿ ದಣಿದವರು. ಅಲ್ಲಿ ಸಂದೇಹ, ಮಿತಿ, ಎರಡನೆಯ ಹೊತ್ತು ಎಂದು ಶುರುಮಾಡಿದರೆ ಹಣ ಪಕ್ಕದವರ ಪಾಲಾಗುತ್ತದೆ, ಮಾಡಬಹುದಾಗಿದ್ದ ಒಳ್ಳೆಯ ಕೆಲಸವೂ ನಿಲ್ಲುತ್ತದೆ. ಉತ್ಪ್ರೇಕ್ಷೆ ಇಲ್ಲಿ ಸ್ವಭಾವವಲ್ಲ, ಛಂದಸ್ಸು. ಷಟ್ಪದಿಗೆ ಆರು ಪಾದ ಇದ್ದ ಹಾಗೆ ಪಿಚ್‌ಗೆ ಐದು ನಿಮಿಷ. ಈ ಮಾತಿನಲ್ಲಿ ಸತ್ಯವಿದೆ. ಹಾಗಿದ್ದರೆ ವಿಮರ್ಶೆಯ ಪಾಲು ಬರೆಯುವವರಿಗೆ ಮಾತ್ರವಲ್ಲ, ಕೇಳುವವರಿಗೂ ಸಲ್ಲಬೇಕು. ಆಟ ಎಂಬ ಪದಕ್ಕೆ ಮನಸೋತು ಹಣ ಪ್ರಕಟಿಸಿದವರು ಓದುಗರಾಗಿ ಸೋತವರು. ನಾಯಕನಿಲ್ಲದ ಕಥೆ ಕೇಳುವ ತಾಳ್ಮೆ ತೀರ್ಪುಗಾರರಿಗೆ ಬರದೆ ಹೋದರೆ ಬರೆಯುವವರು ನಾಯಕನನ್ನು ಬಿಡುವುದಿಲ್ಲ. ಪ್ರಕಾರಗಳನ್ನು ಬೆಳೆಸುವವರು, ಕೆಡಿಸುವವರು ಓದುಗರೇ ಎಂಬ ಹಳೆಯ ಮಾತು ಇಲ್ಲಿಯೂ ನಿಜ. ಪ್ಲೇಪಂಪಿಗೆ ಹಣ ಕೊಟ್ಟಿದ್ದ ಕೇಸ್ ಪ್ರತಿಷ್ಠಾನ 2010ರಲ್ಲಿ ಈ ಯೋಜನೆ ನಿರೀಕ್ಷೆ ಮುಟ್ಟಲಿಲ್ಲವೆಂದು ಬಹಿರಂಗವಾಗಿ ಬರೆದುಕೊಂಡಿತು. ಗೆದ್ದ ಪಿಚ್‌ಗಳಷ್ಟೇ ಗಮನವಿಟ್ಟು ಇಂಥ ಬರಹಗಳನ್ನೂ ನಮ್ಮ ಕಾಲೇಜುಗಳಲ್ಲಿ ಓದಿಸಬೇಕು.

ಕನ್ನಡ ಈ ವಿಷಯದಲ್ಲಿ ಒಂದು ಅನುಕೂಲ ಮಾಡಿಕೊಟ್ಟಿದೆ. ಬೇಕು, ಬೇಡ, ಸಾಕು, ಸಾಲದು ಎಂಬ ನಾಲ್ಕು ಪದಗಳು ನಮ್ಮಲ್ಲಿವೆ. ಇವು ಹೆಚ್ಚಾಗಿ ಚತುರ್ಥಿಯ ಜೊತೆ ಬರುತ್ತವೆ: ನನಗೆ ಬೇಕು, ಅವಳಿಗೆ ಸಾಕು. ದಾನ ಪಡೆಯುವವರನ್ನು ಸೂಚಿಸುವ ಅದೇ ‘ಗೆ’ ಪ್ರತ್ಯಯ ಇಲ್ಲಿ ಇಚ್ಛೆ ಇರುವವರನ್ನು ಸೂಚಿಸುತ್ತದೆ. ‘ಅವಳಿಗೆ ದೀಪ ಕೊಟ್ಟೆವು’ ಎಂಬಲ್ಲಿ ಅವಳು ಕೈಯೊಡ್ಡಿ ನಿಂತಿದ್ದಾಳೆ. ‘ಅವಳಿಗೆ ದೀಪ ಬೇಡ, ಹೊಲಿಗೆ ಯಂತ್ರಕ್ಕೆ ಕರೆಂಟು ಬೇಕು’ ಎಂಬಲ್ಲಿ ಅವಳು ತಲೆಯೆತ್ತಿ ನಿಂತಿದ್ದಾಳೆ. ಪ್ರತ್ಯಯ ಒಂದೇ, ನಿಲುವು ಬೇರೆ.

ಮುಂದಿನ ಸಲ ಒಂದು ಪಿಚ್ ಕೇಳುವಾಗ, ಅಥವಾ ನೀವೇ ಒಂದನ್ನು ಬರೆಯುವಾಗ, ಈ ನಾಲ್ಕು ಪದಗಳು ಯಾರ ಬಾಯಲ್ಲಿವೆ ಎಂದು ಎಣಿಸಿ ನೋಡಿ. ಬಹುತೇಕ ‘ಬೇಕು’ ಒಂದೇ ಸಿಗುತ್ತದೆ, ಅದೂ ಹೇಳುವವರ ಬಾಯಲ್ಲಿ: ಅವರಿಗೆ ಇದು ಬೇಕು ಎಂದು. ‘ಸಾಲದು’ ಎಂದವರು ಯಾರಾದರೂ ಇದ್ದಾರೆಯೇ? ‘ಸಾಕು’ ಎಂದು ನಿಲ್ಲಿಸುವ ಹಕ್ಕು ಯಾರಿಗಾದರೂ ಇದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಮೊಜಾಂಬಿಕ್‌ನ ಆ ಹೆಂಗಸರನ್ನು ಕೈಪಂಪು ಕೀಳುವ ಮುಂಚೆ ಯಾರಾದರೂ ಕೇಳಿದ್ದರೆ ‘ಬೇಡ’ ಎನ್ನುತ್ತಿದ್ದರೇನೋ. ಆ ಒಂದು ಪದಕ್ಕೆ ಸ್ಲೈಡಿನಲ್ಲಿ ಜಾಗ ಬಿಟ್ಟಿರುವ ಪಿಚ್ ಬಂದರೆ, ಅದನ್ನು ಎರಡನೆಯ ಸಲ ಓದಬೇಕು.